ಬಳೆಗಲ್ಲಿನ ಎತ್ತರ

ಪಾತ್ರೆಯ ಸದ್ದಿನಲ್ಲಿ ಸಿಟ್ಟಿದೆಯೋ ಇಲ್ಲವೋ ಎಂದು ತಿಳಿಯಲು ಉಮಾಪತಿ ನಾಲ್ಕು ದಿನದಿಂದ ಮುಂಜಾನೆ ಎಂಟಕ್ಕೆ ಪೇಪರು ಹಿಡಿದು ಅಡುಗೆಮನೆಯ ಬಾಗಿಲಿಗೆ ಬೆನ್ನು ಮಾಡಿ ಕೂರುತ್ತಿದ್ದ. ಹಿತ್ತಿಲ ನಲ್ಲಿಯ ಕೆಳಗೆ ಗಂಗೂಬಾಯಿ ಕುಕ್ಕರು, ತವೆ, ಅನ್ನದ ಬೋಗುಣಿ ಒಂದೊಂದನ್ನೇ ತಿಕ್ಕಿ ಬೋರಲು ಹಾಕುತ್ತಿದ್ದಳು. ತವೆ ಕಲ್ಲಿಗೆ ತಾಗಿ ಠಣ್ ಎಂದಿತು. ಇದು ಸಿಟ್ಟೇ, ಅಥವಾ ತವೆಯ ಸ್ವಭಾವವೇ? ಭಾನುವಾರಕ್ಕಿಂತ ಮೊದಲು ಇದೇ ತವೆ ಹೇಗೆ ಸದ್ದು ಮಾಡುತ್ತಿತ್ತು ಎಂಬುದು ಅವನಿಗೆ ಗೊತ್ತಿರಲಿಲ್ಲ. ಆರು ವರ್ಷದಿಂದ ಅವಳು ಈ ಮನೆಗೆ ಬರುತ್ತಿದ್ದರೂ ಒಂದು ದಿನವೂ ಅವನು ಆ ಕಡೆ ಕಿವಿ ಕೊಟ್ಟವನಲ್ಲ. ಹಳೆಯ ಅಳತೆ ಇಲ್ಲದಿದ್ದರೆ ಹೊಸ ಅಳತೆಗೆ ಅರ್ಥವಿಲ್ಲ. ಈ ಮಾತನ್ನು ಮೂವತ್ತೊಂದು ವರ್ಷ ಕೈಕೆಳಗಿನವರಿಗೆ ಹೇಳುತ್ತ ಬಂದವನು ಅವನೇ. ಅದು ನೆನಪಾದೊಡನೆ ಪೇಪರಿನ ಅದೇ ಸಾಲನ್ನು ಮೂರನೆಯ ಸಲ ಓದಿದ: ಮೇಲಿನ ಅಣೆಕಟ್ಟು ಮುಕ್ಕಾಲು ತುಂಬಿದೆ, ನದಿ ದಂಡೆಯ ಜನ ಎಚ್ಚರದಿಂದ ಇರಬೇಕು.

“ಚಾ ಆರಿ ನೀರಾತು,” ಎಂದಳು ಹೆಂಡತಿ ಕಲಾವತಿ, ಕಪ್ಪನ್ನು ಎತ್ತಿಕೊಂಡು. “ನಾಕಕ್ಕ ಅಭಿಜಿತ್ ಬರತಾರಲ್ರಿ, ಆ ಕಾಗದಕ್ಕ ಸಹಿ ಮಾಡೀರೋ ಇಲ್ಲೋ?”

“ಮಾಡತೇನಿ.”

“ಸೋಮವಾರದಿಂದ ಮಾಡತೇನಿ ಅನ್ನಾಕತ್ತೀರಿ. ಒಂದು ಸಹಿಗೆ ಏನ್ ಪಂಚಾಂಗ ನೋಡತೀರೇನು?”

ಕಾಗದ ಟೀವಿಯ ಪಕ್ಕದಲ್ಲಿ, ನಿವೃತ್ತಿಯ ದಿನ ಆಫೀಸಿನವರು ಕೊಟ್ಟ ಗಡಿಯಾರದ ಕೆಳಗೆ ಇತ್ತು. ಅದರಲ್ಲಿ ಇದ್ದದ್ದು ಮೂರೇ ವಾಕ್ಯ. ನಾವಘಾಟಿನ ಮೆಟ್ಟಿಲ ಮೇಲಿರುವ ಕಬ್ಬಿಣದ ಬಳೆಯ ಕಲ್ಲು ಮೂಲತಃ ಅಲ್ಲಿಯದಲ್ಲ, ಬೇರೆ ಕಡೆಯಿಂದ ತಂದು ನಿಲ್ಲಿಸಿದ್ದು. ದಾಖಲೆಯಲ್ಲಿರುವ ಅತಿ ದೊಡ್ಡ ನೆರೆಯಲ್ಲೂ ನೀರು ಆ ಎತ್ತರಕ್ಕೆ ಬಂದಿಲ್ಲ. ಆದ್ದರಿಂದ ಘಾಟಿನ ಕೆಳಗಿನ ಖಾಲಿ ಜಾಗ ವಾಸಕ್ಕೆ ಯೋಗ್ಯವಾಗಿದೆ. ಕೆಳಗೆ ಅವನ ಹೆಸರು, ಹೆಸರಿನ ಕೆಳಗೆ ‘ನದಿ ವಿಜ್ಞಾನಿ, ನಿವೃತ್ತ’. ಅವನು ವಿಜ್ಞಾನಿಯಾಗಿರಲಿಲ್ಲ. ಧಾರವಾಡದಲ್ಲಿ ಬಿಎಸ್ಸಿ ಮುಗಿಸಿ, ಕೇಂದ್ರ ಸರಕಾರದ ನದಿ ಅಳೆಯುವ ಆಫೀಸಿಗೆ ಸೇರಿ, ನಾಗಪುರಕ್ಕೆ ಬಂದು, ಹಿರಿಯ ಸಹಾಯಕನಾಗಿ ನಿವೃತ್ತನಾದವನು. ವಿಜ್ಞಾನಿ ಎಂಬ ಆ ಶಬ್ದವನ್ನು ಮೊದಲ ಸಲ ಬಡಾವಣೆಯ ಸೊಸೈಟಿಯ ಕಾರ್ಯದರ್ಶಿ ಅಭಿಜಿತ್ ಬಳಸಿದಾಗ ತಿದ್ದಬೇಕೆಂದು ಬಾಯಿ ತೆರೆದಿದ್ದ. ಆದರೆ ಅಷ್ಟರಲ್ಲಿ ಯಾರೋ ಅವನಿಗೆ ಕುರ್ಚಿ ಎಳೆದು ಕೊಟ್ಟಿದ್ದರು.

ನಾವಘಾಟ್ ಸದ್ದಿಲ್ಲದ ಬಡಾವಣೆ. ಕಾಮಠಿ ರಸ್ತೆಯಿಂದ ಒಳಗೆ ತಿರುಗಿ ಬೇವಿನ ಮರಗಳ ಕೆಳಗೆ ಹತ್ತು ನಿಮಿಷ ನಡೆದರೆ ಬಂಗಲೆಗಳ ಎರಡು ಸಾಲು, ಆಮೇಲೆ ಕಲ್ಲಿನ ಮೆಟ್ಟಿಲು, ಆಮೇಲೆ ಕನ್ಹಾನ್ ನದಿ. ಒಂದು ಕಾಲಕ್ಕೆ ಇದು ಬಂದರಾಗಿತ್ತಂತೆ, ಅದೂ ವರ್ಷಕ್ಕೆ ಮೂರೇ ತಿಂಗಳು. ಬೇಸಗೆಯಲ್ಲಿ ಎಮ್ಮೆ ದಾಟುವ ಹೊಳೆ ಮಳೆಗಾಲದಲ್ಲಿ ತುಂಬಿದಾಗ ಮೇಲಿನ ಕಾಡಿನ ಸಾಗುವಾನಿ ತೊಲೆ, ಉಪ್ಪು, ಹತ್ತಿ ಹೊತ್ತ ದೋಣಿಗಳು ಬರುತ್ತಿದ್ದವಂತೆ. ಈಗ ಆ ‘ಅಂತೆ’ಯೇ ಬಡಾವಣೆಯ ಗತ್ತು. ಗೇಟಿನ ಮೇಲೆ ಲಂಗರಿನ ಚಿತ್ರ, ಮುಂಜಾನೆ ನಡೆಯಲು ಹೋಗುವವರ ಟೀ-ಶರ್ಟಿನ ಮೇಲೂ ಲಂಗರು, ಸಮುದ್ರವನ್ನು ಜನ್ಮದಲ್ಲಿ ನೋಡದ ಒಬ್ಬರ ಬಂಗಲೆಗೆ ‘ಬಂದರ್ ವಿಲಾ’ ಎಂದು ಹೆಸರು. ನಿಜವಾದ ಅಂಬಿಗರ ಮನೆಗಳು ಏಳು ಮಾತ್ರ ಉಳಿದಿದ್ದವು, ಬಳೆಗಲ್ಲಿನಿಂದ ನಾಲ್ಕು ಮೆಟ್ಟಿಲು ಮೇಲೆ, ತಗಡಿನ ಮಾಡು ಹೊದ್ದು. ಗಂಗೂಬಾಯಿಯದು ಅದರಲ್ಲಿ ಮೂರನೆಯದು. ಘಾಟನ್ನು ದೀಪ ಹಾಕಿ ಚಂದ ಮಾಡಬೇಕು, ಬಳೆಗಲ್ಲನ್ನು ಕಿತ್ತು ಗೇಟಿನ ಹತ್ತಿರ ನಿಲ್ಲಿಸಬೇಕು, ಏಳು ಮನೆಯವರಿಗೆ ಕೆಳಗಿನ ಜಾಗದಲ್ಲಿ ಪಕ್ಕಾ ಕೋಣೆ ಕೊಡಬೇಕು ಎಂದು ಸೊಸೈಟಿ ತೀರ್ಮಾನಿಸಿತ್ತು. ಕೋಣೆಗಳು ಮುಗಿದು ಸುಣ್ಣವೂ ಆಗಿತ್ತು. ಅಲ್ಲಿ ನೀರು ಬರುವುದಿಲ್ಲ ಎಂಬ, ತಿಳಿದವರೊಬ್ಬರ ಮಾತು ಮಾತ್ರ ಒಪ್ಪಿಗೆ ಕೊಡುವ ಸರಕಾರಿ ಕಚೇರಿಗೆ ಬೇಕಿತ್ತು.

ಆ ತಿಳಿದವನು ಇವನು. ಈ ಬಡಾವಣೆಗೆ ಬಂದು ಹದಿನೆಂಟು ವರ್ಷವಾದರೂ ಎಲ್ಲರಿಗೂ ಅವನು ‘ಅಣ್ಣಾ’. ಮೊದಮೊದಲು ಗೌರವವೆಂದುಕೊಂಡಿದ್ದ. ಇಡ್ಲಿ ಗಾಡಿಯವನನ್ನೂ ಅದೇ ದನಿಯಲ್ಲಿ ಕರೆಯುವುದನ್ನು ಕೇಳಿದ ಮೇಲೆ ತಿಳಿದಿತ್ತು. ಗಣೇಶೋತ್ಸವದಲ್ಲಿ “ಅಣ್ಣಾ, ನಿಮ್ಮ ಕಡೆಯ ಸಾಂಬಾರ್ ಆಗಲಿ” ಎನ್ನುವರು. ಸಾಂಬಾರು ತಮ್ಮ ಕಡೆಯದಲ್ಲ, ತಾವು ಹೊಳೆಆಲೂರಿನವರು, ಜೋಳದ ರೊಟ್ಟಿಯವರು ಎಂದು ಹೇಳಿ ಹೇಳಿ ಕಲಾವತಿ ಕೊನೆಗೆ ಸಾಂಬಾರು ಮಾಡುವುದನ್ನೇ ಕಲಿತಿದ್ದಳು. ಭಾನುವಾರ ಸಭೆಯಲ್ಲಿ ಅಭಿಜಿತ್ ಎದ್ದು “ಈಗ ಉಮಾಪತೀಜಿ ಹೇಳುತ್ತಾರೆ” ಎಂದಾಗ ಅವನ ಕಿವಿಯ ತುದಿ ಬಿಸಿಯಾಗಿತ್ತು. ಹಾಜರಿ ಪುಸ್ತಕ ಮೊದಲು ಅವನ ಮುಂದೆಯೇ ಬಂದಿತ್ತು. ಮೊದಲ ಸಾಲಿನಲ್ಲಿ ಸಹಿ ಮಾಡಿ ಅದರ ಕೆಳಗೆ ಗೆರೆಯೊಂದನ್ನು ಎಳೆದಿದ್ದ. ಅಂಥ ಗೆರೆ ಅವನು ಎಂದೂ ಎಳೆದವನಲ್ಲ. ಹಳೆಯ ಆಫೀಸಿನಿಂದ ಮಟ್ಟ ನೋಡುವ ಯಂತ್ರ ಕೇಳಿ ತಂದು ಶನಿವಾರವೆಲ್ಲ ಬಿಸಿಲಲ್ಲಿ ಅಳೆದಿದ್ದ: ಬಳೆ ಸಮುದ್ರಮಟ್ಟದಿಂದ ಇನ್ನೂರ ಎಪ್ಪತ್ತೆಂಟು ಮೀಟರಿನ ಮೇಲೆ ಹತ್ತು ಸೆಂಟಿಮೀಟರ್, ಕೆಳಗಿನ ಜಾಗ ಅದಕ್ಕಿಂತ ಎರಡೂವರೆ ಮೀಟರ್ ತಗ್ಗು, ಅತಿ ದೊಡ್ಡ ನೆರೆ ಆ ಜಾಗಕ್ಕಿಂತಲೂ ಮೂವತ್ತೈದು ಸೆಂಟಿಮೀಟರ್ ಕೆಳಗೆ. ಬೋರ್ಡಿನ ಮೇಲೆ ಬರೆದು ತೋರಿಸಿದ. ತಲೆಗಳು ಆಡಿದವು. ಆಗಲೇ ಚಹಾದ ಟ್ರೇ ಹಿಡಿದು ನಿಂತಿದ್ದ ಗಂಗೂಬಾಯಿ, ಯಾರೂ ಕೇಳದೆಯೇ, ಬಳೆಗಲ್ಲು ಎಲ್ಲಿಂದಲೂ ಬಂದದ್ದಲ್ಲ ಸಾಹೇಬ್ ಎಂದಿದ್ದಳು, ನನ್ನ ಅತ್ತೆಯ ಅಪ್ಪ ಅದಕ್ಕೇ ದೋಣಿ ಕಟ್ಟುತ್ತಿದ್ದ, ಹಾಗಾಗಿಯೇ ನಾವು ಬಳೆಗಿಂತ ಮೇಲೆ ಮನೆ ಕಟ್ಟುವುದು, ಕೆಳಗೆ ಯಾರೂ ಕಟ್ಟುವುದಿಲ್ಲ.

ಆಗ ಉಮಾಪತಿ ಒಂದು ಚೇಷ್ಟೆ ಮಾಡಿದ. ಇಷ್ಟು ವರ್ಷದಲ್ಲಿ ಮರಾಠಿಯಲ್ಲಿ ಅವನು ಮಾಡಿದ ಮೊದಲ ಚೇಷ್ಟೆ. “ಅಷ್ಟು ಎತ್ತರದಲ್ಲಿ ಕಟ್ಟಬೇಕಾದರೆ ನಿಮ್ಮ ಅಜ್ಜನ ದೋಣಿಗೆ ರೆಕ್ಕೆ ಇದ್ದಿರಬೇಕು, ಬಾಯಿ.” ಸಭೆ ಬಿದ್ದು ಬಿದ್ದು ನಕ್ಕಿತು. ಅಭಿಜಿತ್ ಅವನ ಬೆನ್ನು ತಟ್ಟಿದ. ನಗುವಿನ ನಡುವೆ ಗಂಗೂಬಾಯಿಯೂ ಸ್ವಲ್ಪ ನಕ್ಕಳು. ದೊಡ್ಡವರ ಮನೆಯಲ್ಲಿ ನಗು ಬಂದಾಗ ನಗಬೇಕಲ್ಲ, ಹಾಗೆ. ಆಮೇಲೆ ಖಾಲಿ ಕಪ್ಪುಗಳನ್ನು ಟ್ರೇಯಲ್ಲಿ ಜೋಡಿಸಿಕೊಂಡು ಹೋದಳು. ಅವನ ಕಪ್ಪನ್ನು ಮಾತ್ರ ಬಿಟ್ಟು ಹೋಗಿದ್ದಳು. ಅದರಲ್ಲಿ ಇನ್ನೂ ಚಹಾ ಇತ್ತು ಎಂಬುದಕ್ಕೋ, ಮತ್ತೇತಕ್ಕೋ.

ಹಿತ್ತಿಲಲ್ಲಿ ನಲ್ಲಿ ನಿಂತಿತು. ಗಂಗೂಬಾಯಿ ಸೆರಗಿಗೆ ಕೈ ಒರೆಸುತ್ತ ಬಾಗಿಲಿಗೆ ಬಂದು, “ವಹಿನಿ, ಭಾನುವಾರ ರಜೆ ಬೇಕು, ಸಾಮಾನು ಕೆಳಗೆ ಸಾಗಿಸಬೇಕು,” ಎಂದಳು ಕಲಾವತಿಗೆ.

“ಖುಷಿ ಅಲ್ಲ ಮತ್ತ? ಹೊಸ ಮನಿ,” ಎಂದಳು ಕಲಾವತಿ ತನ್ನ ಮುರುಕು ಹಿಂದಿಗೆ ಕನ್ನಡ ಬೆರೆಸಿ.

“ಸೊಸೆ ಖುಷಿಯಲ್ಲಿದ್ದಾಳೆ. ಮನೆಯೊಳಗೇ ನಲ್ಲಿ ಇದೆ.” ಗಂಗೂಬಾಯಿ ಉಮಾಪತಿಯ ಕಡೆ ನೋಡಲಿಲ್ಲ. ನೋಡದಿರುವುದು ವಾಡಿಕೆಯೇ, ಈಚಿನದೇ? ಅದಕ್ಕೂ ಹಳೆಯ ಅಳತೆ ಇರಲಿಲ್ಲ.

ಮಗಳು ಧನುಶ್ರೀ ಕೂದಲಿಗೆ ಕ್ಲಿಪ್ಪು ಹಾಕುತ್ತ ಹೊರಬಂದಳು. ಸೀತಾಬರ್ಡಿಯ ಬ್ಯಾಂಕಿನಲ್ಲಿ ಕೆಲಸ, ಎಂಟೂಮುಕ್ಕಾಲಿಗೆ ಮನೆ ಬಿಟ್ಟರೆ ಮೆಟ್ರೋ ಸಿಗುತ್ತಿತ್ತು. “ಅಪ್ಪಾ, ಸೊಸೈಟಿ ಗ್ರೂಪ್‌ನ್ಯಾಗ ನಿಂದೇ ಫೋಟೋ! ‘ಆಪಲೇ ಸೈಂಟಿಸ್ಟ್’, ನಮ್ಮ ವಿಜ್ಞಾನಿ ಅಂತ ಹಾಕ್ಯಾರ. ಏಕದಂ ಹೀರೋ ಕಾಣಾಕತ್ತಿ.” ಅವಳು ಮೊಬೈಲು ಮುಂದೆ ಹಿಡಿದಳು. ಬೋರ್ಡಿನ ಮುಂದೆ ಬೆರಳೆತ್ತಿ ನಿಂತ ತಾನು, ಹಿಂದೆ ಮೂಲೆಯಲ್ಲಿ ಅರ್ಧ ಕತ್ತರಿಸಿಹೋದ ಒಂದು ಟ್ರೇ. ಬೋರ್ಡಿನ ಅಂಕಿಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ನಾಲ್ಕು ನೂರು ಜನರ ಮೊಬೈಲಿನಲ್ಲಿ ಆ ತಪ್ಪು ಈಗ ಕೂತಿತ್ತು.

ತಪ್ಪು ಸಿಕ್ಕಿದ್ದು ಸೋಮವಾರ ಮಧ್ಯಾಹ್ನ, ಹುಡುಕದೇ ಇದ್ದಾಗ. ಕಾಗದದ ಮೇಲೆ ಅಂಕಿಗಳನ್ನು ಚಂದಾಗಿ ನಕಲು ಮಾಡಲೆಂದು ಹಳೆಯ ಡೈರಿ ತೆರೆದಿದ್ದ. ಸೇತುವೆಯ ಕಂಬದ ಮೇಲೆ ಅಳತೆಯ ಪಟ್ಟಿ ಬರೆದಿರುತ್ತದೆ, ನೀರು ಪಟ್ಟಿಯ ಯಾವ ಅಂಕಿಗೆ ಮುಟ್ಟಿತು ಎಂದು ಓದಿ, ಪಟ್ಟಿಯ ಸೊನ್ನೆ ಎಷ್ಟು ಎತ್ತರದಲ್ಲಿದೆಯೋ ಅದಕ್ಕೆ ಕೂಡಿಸಿದರೆ ನೆರೆಯ ಎತ್ತರ ಸಿಗುತ್ತದೆ. ಎಂಟನೆಯ ತರಗತಿಯ ಹುಡುಗನೂ ಮಾಡಬಹುದಾದ ಲೆಕ್ಕ. ಆದರೆ ಹಳೆಯ ಪಟ್ಟಿ ಒಂದು ನೆರೆಯಲ್ಲಿ ಕೊಚ್ಚಿಹೋಗಿ, ಹೊಸದನ್ನು ಹಾಕುವಾಗ ಸೊನ್ನೆಯನ್ನು ಮೂರು ಮೀಟರ್ ಕೆಳಗಿಳಿಸಿದ್ದರು. ಇಳಿಸಿದ ದಿನ ತಾನೇ ಅಲ್ಲಿದ್ದ, ಬಿಳಿ ಎನಾಮಲ್ ಡಬ್ಬಿ ಹಿಡಿದು, ಸೊಂಟಕ್ಕೆ ಹಗ್ಗ ಕಟ್ಟಿ. ಡೈರಿಯಲ್ಲಿ ತನ್ನದೇ ಅಕ್ಷರ: ‘ಇನ್ನು ಮುಂದೆ ಹಳೆಯ ಓದುಗಳಿಗೆ ಹೊಸ ಸೊನ್ನೆ ಕೂಡಿಸಬಾರದು.’ ಕೆಳಗೆ ಎರಡು ಗೆರೆ. ದೊಡ್ಡ ನೆರೆಯ ಓದು ಹಳೆಯ ಪಟ್ಟಿಯದು. ಶನಿವಾರ ಅವನು ಅದಕ್ಕೆ ಹೊಸ ಸೊನ್ನೆ ಕೂಡಿಸಿದ್ದ. ಅಂದರೆ ನೀರು ಮೂರು ಮೀಟರ್ ಮೇಲೆ ಬಂದಿತ್ತು. ಅಂದರೆ ಬಳೆಯನ್ನು ಮುಟ್ಟಿ ಹದಿನೈದು ಸೆಂಟಿಮೀಟರ್ ದಾಟಿತ್ತು. ಅಂದರೆ ದೋಣಿಗೆ ರೆಕ್ಕೆ ಬೇಕಿರಲಿಲ್ಲ. ಹೊಳೆ ತುಂಬಿದಾಗ ಮಾತ್ರ ಬರುವ ದೋಣಿಯನ್ನು ತುಂಬಿದ ಹೊಳೆಯ ಎತ್ತರದಲ್ಲಲ್ಲದೆ ಮತ್ತೆಲ್ಲಿ ಕಟ್ಟುತ್ತಾರೆ?

ಆ ಕ್ಷಣ ಅವನಿಗೆ ನೆನಪಾದದ್ದು ಗಂಗೂಬಾಯಿಯಲ್ಲ, ಪ್ರೀತಮ್. ಹನ್ನೆರಡು ವರ್ಷದ ಹಿಂದೆ ಆಫೀಸಿಗೆ ಹೊಸದಾಗಿ ಸೇರಿದ ಪ್ರೀತಮ್ ಇದೇ ತಪ್ಪು ಮಾಡಿದ್ದ. ಬೇರೆ ನದಿ, ಇದೇ ತಪ್ಪು. ಉಮಾಪತಿ ಎಲ್ಲರ ಮುಂದೆ ಅವನನ್ನು ನಿಲ್ಲಿಸಿ, “ಸೊನ್ನೆ ಎಲ್ಲಿದೆ ಎಂದು ಗೊತ್ತಿಲ್ಲದವನಿಗೆ ನೂರು ಎಲ್ಲಿದೆ ಎಂದು ಹೇಗೆ ಗೊತ್ತಾಗುತ್ತದೆ?” ಎಂದು ಕೇಳಿದ್ದ. ಪ್ರೀತಮ್ ತನ್ನ ಪೆನ್ನಿನ ಕ್ಯಾಪನ್ನು ಹಾಕುತ್ತ ತೆಗೆಯುತ್ತ ನಿಂತಿದ್ದ. ಒಳ್ಳೆಯ ಮಾತು ಹೇಳಿದೆನೆಂದು ಅಂದು ಸಂಜೆ ಉಮಾಪತಿ ಅದನ್ನು ಕಲಾವತಿಗೂ ಹೇಳಿದ್ದ. ಮುಂದಿನ ವರ್ಷ ಪ್ರೀತಮ್ ವರ್ಗ ಮಾಡಿಸಿಕೊಂಡು ಹೋದ. ಹೋಗುವಾಗ ಎಲ್ಲರಿಗೂ ಪೇಢಾ ಕೊಟ್ಟ, ಇವನಿಗೆ ಎರಡು ಕೊಟ್ಟ. ಆ ಎರಡನೆಯ ಪೇಢಾ ಏಕೆ ಎಂದು ಈಗಲೂ ಉಮಾಪತಿ ಒಮ್ಮೊಮ್ಮೆ ಯೋಚಿಸುವುದುಂಟು.

“ಅಪ್ಪಾ, ಚಲೋ ಇಲ್ಲೇನು ಫೋಟೋ?” ಎಂದಳು ಧನುಶ್ರೀ.

“ಚಲೋ ಐತಿ.”

ಅವಳು ಹೋದ ಮೇಲೆ ಕಲಾವತಿ ಸೊಪ್ಪು ಸೋಸುತ್ತ ಕೂತವಳು ತಲೆಯೆತ್ತದೆ ಕೇಳಿದಳು: “ನೀವು ಅವತ್ತ ಸಭಾದಾಗ ಹೇಳಿದ್ದು ಬರೋಬರ್ ಐತಲ್ರಿ?”

“ಯಾಕ ಹಂಗ ಕೇಳತಿ?”

“ಸುಮ್ಮನ. ಮೂರು ದಿನದಿಂದ ನಿಮ್ಮ ಊಟ ನೋಡಾಕತ್ತೇನಿ.”

“ಬರೋಬರ್ ಐತಿ,” ಎಂದ. ಇಷ್ಟು ಸುಲಭವಾಗಿ ಬಂತಲ್ಲ ಎಂದು ಅವನಿಗೇ ಹೆದರಿಕೆಯಾಯಿತು. ಇಲ್ಲಿಯವರೆಗೆ ತಪ್ಪು ಮಾತ್ರ ಇತ್ತು. ಸುಳ್ಳು ಈಗ ಹುಟ್ಟಿತು, ಮೆಂತ್ಯದ ಸೊಪ್ಪಿನ ಮುಂದೆ, ಎರಡು ಶಬ್ದದ ಮಾತಿನಲ್ಲಿ.

ಮನೆಯಲ್ಲಿ ಕೂರಲಾರದೆ ಹನ್ನೊಂದಕ್ಕೆ ಹೊರಬಿದ್ದ. ಶನಿವಾರದ ಅಳತೆಯಲ್ಲೇ ಏನಾದರೂ ತಪ್ಪಿರಬಹುದು, ಬಳೆಗೂ ಕೆಳಗಿನ ಜಾಗಕ್ಕೂ ನಡುವೆ ಅಷ್ಟು ಅಂತರ ಇಲ್ಲದಿರಬಹುದು, ಎರಡು ತಪ್ಪು ಒಂದನ್ನೊಂದು ತಿಂದುಹಾಕಿ ಸರಿ ಉಳಿಯಬಹುದು. ಯಂತ್ರ ಆಫೀಸಿಗೆ ಮರಳಿತ್ತು. ಹೊಸ ಕೋಣೆಗಳ ಹತ್ತಿರ ಗಾರೆ ಕೆಲಸದ ಗೌಂಡಿಗಳು ಬಿಟ್ಟುಹೋದ ಲೆವೆಲ್ ಪೈಪು ಬಿದ್ದಿತ್ತು. ಬೆರಳು ದಪ್ಪದ ಪಾರದರ್ಶಕ ಕೊಳವೆ, ಒಳಗೆ ನೀರು ತುಂಬಿ ಎರಡು ತುದಿ ಎಷ್ಟು ದೂರ ಹಿಡಿದರೂ ಎರಡೂ ಕಡೆ ನೀರು ಒಂದೇ ಎತ್ತರಕ್ಕೆ ನಿಲ್ಲುತ್ತದೆ. ನಲ್ಲಿಯಿಂದ ನೀರು ತುಂಬಿ, ಗುಳ್ಳೆಗಳನ್ನು ತಟ್ಟಿ ತೆಗೆದು, ಒಂದು ತುದಿಯನ್ನು ಕೋಣೆಯ ಗೋಡೆಯ ಬುಡದಲ್ಲಿ ಇಟ್ಟಿಗೆಗೆ ಒರಗಿಸಿ, ಇನ್ನೊಂದನ್ನು ಹೆಬ್ಬೆರಳಿಂದ ಮುಚ್ಚಿ ಮೆಟ್ಟಿಲು ಹತ್ತಿದ. ಬಳೆಗಲ್ಲು ಮೊಣಕಾಲೆತ್ತರದ ಕರಿಯ ಕಂಬ. ಬಳೆ ಕೆಳಬದಿಗೆ ಅರ್ಧ ಸವೆದಿತ್ತು. ಇದನ್ನು ಶನಿವಾರವೂ ನೋಡಿದ್ದ. ಕಟ್ಟಿದ ದೋಣಿಯ ಹಗ್ಗ ಕೆಳಕ್ಕೆ ಎಳೆದರೆ ಮಾತ್ರ ಹೀಗೆ ಸವೆಯುತ್ತದೆ. ನೋಡಿದ್ದ, ಅಳೆದಿರಲಿಲ್ಲ, ಆದ್ದರಿಂದ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಗಂಗೂಬಾಯಿ ತನ್ನ ಮನೆಯ ಹೊಸ್ತಿಲಲ್ಲಿ ಸಾಮಾನು ಗಂಟು ಕಟ್ಟುತ್ತಿದ್ದಳು.

“ಬಾಯಿ, ಇದರ ತುದಿಯನ್ನು ಬಳೆಯ ಹತ್ತಿರ ಹಿಡಿದುಕೊಳ್ತೀರಾ? ಐದು ನಿಮಿಷ.”

ಏಕೆ ಎಂದು ಅವಳು ಕೇಳಲಿಲ್ಲ. ಮೊಣಕಾಲಿಗೆ ಕೈಯೂರಿ ಇಳಿದು ಬಂದು, ಕೊಳವೆಯ ಬಾಯಿಗೆ ಬೆರಳಿಟ್ಟು ತುದಿಯನ್ನು ಬಳೆಗೆ ಒತ್ತಿ ಹಿಡಿದಳು. ಕೇಳಿದ್ದರೆ ಚೆನ್ನಾಗಿತ್ತು ಎಂದುಕೊಳ್ಳುತ್ತ ಉಮಾಪತಿ ಇಳಿದು ಹೋಗಿ ಗೋಡೆಯ ಬುಡದ ತುದಿಯನ್ನು ಎತ್ತಿಕೊಂಡ. ಮೇಲೆ ಹತ್ತುವ ಮೊದಲು ತಗ್ಗಿನ ತುದಿಗೂ ಏನಾದರೂ ತುರುಕಿ ಮುಚ್ಚಬೇಕಿತ್ತು, ಅದು ಮರೆತಿತ್ತು. ಬುಡದಲ್ಲಿ ನೀರು ಆಗಲೇ ಸಣ್ಣ ಕಾಲುವೆಯಾಗಿ ಹರಿದಿತ್ತು. ಮತ್ತೆ ತುಂಬಿಕೊಂಡು, “ಈಗ ಬಿಡಿ ಬೆರಳು!” ಎಂದು ಮೇಲಕ್ಕೆ ಕೂಗಿ, ತುದಿಯನ್ನು ಗೋಡೆಗೆ ಹಿಡಿದು ಕಣ್ಣಿನ ಮಟ್ಟಕ್ಕೆ ತಂದ. ನೀರು ಉಕ್ಕಿತು. ತಲೆಯ ಮಟ್ಟಕ್ಕೆ ಎತ್ತಿದ. ಉಕ್ಕಿತು. ತೋಳು ಪೂರ್ತಿ ಚಾಚಿ, ಹಿಮ್ಮಡಿ ಎತ್ತಿ, ಗೋಡೆಗೆ ಹೊಟ್ಟೆ ಹಚ್ಚಿ ಹಿಡಿದ. ನೀರು ಕೊಳವೆಯ ಬಾಯಿಂದ ಹೊರಟು ಅವನ ಮುಂಗೈ ಮೇಲೆ, ಕನ್ನಡಕದ ಮೇಲೆ, ಬಾಯಿಯೊಳಗೆ, ಅಂಗಿಯೊಳಗೆ ಸುರಿಯುತ್ತಲೇ ಇತ್ತು. ಬಳೆಯ ಮಟ್ಟ ಅವನ ಕೈಗೆ ಎಟಕುವುದಕ್ಕಿಂತಲೂ ಮೇಲೆ ಇತ್ತು. ಕಾಗದದ ಮೇಲೆ ಎರಡೂವರೆ ಮೀಟರ್ ಎಂದು ಬರೆದವನು, ಎರಡೂವರೆ ಮೀಟರ್ ಎಂದರೆ ತನ್ನ ತಲೆಯ ಮೇಲೆ ಒಂದು ಮಗುವನ್ನು ನಿಲ್ಲಿಸಿದಷ್ಟು ಎಂದು ಯೋಚಿಸಿರಲಿಲ್ಲ. ಈ ಕೋಣೆಗೆ ಮಾಳಿಗೆ ಹತ್ತು ಅಡಿಗಿತ್ತು. ನೀರು ಬಳೆಯ ಮಟ್ಟಕ್ಕೆ ಬಂದರೆ ಒಳಗೆ ಮಲಗಿದವರಿಗೆ ಬಾಗಿಲು ಕಾಣುವುದಿಲ್ಲ.

“ಆಯ್ತಾ ಸಾಹೇಬ್?” ಮೇಲಿನಿಂದ ಗಂಗೂಬಾಯಿ ಕೂಗಿದಳು.

“ಆಯ್ತು,” ಎಂದ. ಕನ್ನಡಕ ಒರೆಸಲು ಒಣಗಿದ ಜಾಗ ಅಂಗಿಯಲ್ಲಿ ಎಲ್ಲೂ ಇರಲಿಲ್ಲ.

ಕೊಳವೆ ಸುತ್ತಿಕೊಂಡು ಅವಳ ಬಳಿಗೆ ಹೋದ. ಏನಾದರೂ ಹೇಳಬೇಕಿತ್ತು. “ಬಾಯಿ, ಅವತ್ತು ರೆಕ್ಕೆ ಅಂದೆನಲ್ಲ...” ಎಂದು ಶುರುಮಾಡಿದ. ಅವಳು ಗಂಟಿನ ಹಗ್ಗವನ್ನು ಹಲ್ಲಲ್ಲಿ ಕಚ್ಚಿ ಬಿಗಿಯುತ್ತ, ಹಗ್ಗ ಬಿಟ್ಟು, “ನೀವು ತೊಯ್ದಿದ್ದೀರಿ, ಮನೆಗೆ ಹೋಗಿ. ಥಂಡಿ ಹಿಡಿದರೆ ವಹಿನಿ ನನಗೆ ಬಯ್ತಾರೆ,” ಎಂದಳು. ಕ್ಷಮೆಯೂ ಅಲ್ಲ, ಸಿಟ್ಟೂ ಅಲ್ಲ. ಅಳೆಯಲು ಪಟ್ಟಿಯೇ ಇಲ್ಲದ ಯಾವುದೋ ಒಂದು.

ಮನೆಗೆ ಬಂದು ಬಟ್ಟೆ ಬದಲಿಸಿ, ಕಾಗದದ ಮೂರೂ ವಾಕ್ಯಗಳನ್ನು ಪಟ್ಟಿಯಿಟ್ಟು ಗೆರೆ ಎಳೆದು ಹೊಡೆದುಹಾಕಿದ. ಕೆಳಗೆ ಹೊಸದಾಗಿ ಬರೆದ: ನನ್ನ ಲೆಕ್ಕದಲ್ಲಿ ಸೊನ್ನೆಮಟ್ಟ ತಪ್ಪಿತ್ತು, ಕೆಳಗಿನ ಜಾಗದ ಮೇಲೆ ಎರಡು ಮೀಟರ್ ಅರವತ್ತೈದು ಸೆಂಟಿಮೀಟರ್ ನೀರು ನಿಂತ ದಾಖಲೆ ಇದೆ, ಬಳೆಗಲ್ಲು ಅದರ ಜಾಗದಲ್ಲೇ ಇದೆ. ‘ವಿಜ್ಞಾನಿ’ ಹೊಡೆದು ‘ಹಿರಿಯ ಸಹಾಯಕ’ ಎಂದು ಮಾಡಿದ. ಎರಡು ಪ್ರತಿ. ಆಮೇಲೆ ನಾಲ್ಕು ಗಂಟೆಯವರೆಗೆ ಏನೇನು ಅನ್ನಬಹುದು ಎಂದು ಅಭಿಜಿತನ ಪರವಾಗಿ ತಾನೇ ಅಂದುಕೊಂಡು, ಪ್ರತಿಯೊಂದಕ್ಕೂ ಹಿಂದಿಯಲ್ಲಿ ಉತ್ತರ ಕಟ್ಟಿದ, ಲಿಂಗ ವಚನ ಸರಿಮಾಡಿಕೊಂಡ.

ಅಭಿಜಿತ್ ಸಂತ್ರಾ ಬರ್ಫಿಯ ಡಬ್ಬಿ ಹಿಡಿದು ಬಂದ. ವಯಸ್ಸು ನಲವತ್ತರ ಆಸುಪಾಸು, ಯಾರ ಮನೆಗೆ ಹೋದರೂ ಚಪ್ಪಲಿಯನ್ನು ಜೋಡಿಸಿಟ್ಟು ಒಳಬರುವ ಮನುಷ್ಯ. ಅವನು ಕೆಟ್ಟವನಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು. “ಉಮಾಪತೀಜಿ! ವಹಿನಿ, ಉದ್ಘಾಟನೆಗೆ ರಿಬ್ಬನ್ ಕತ್ತರಿಸೋದು ಇವರೇ, ಪಕ್ಕಾ!” ಎಂದ. ಕಲಾವತಿ ಸೆರಗು ಸರಿಮಾಡಿಕೊಂಡು ನಕ್ಕಳು.

ಉಮಾಪತಿ ಕಾಗದ ಕೊಟ್ಟ. ಕಟ್ಟಿಕೊಂಡಿದ್ದ ಹಿಂದಿಯೆಲ್ಲ ಎಲ್ಲಿಗೋ ಹೋಗಿ, “ನನ್ನದು ತಪ್ಪಾಗಿದೆ. ಮೂರು ಮೀಟರ್,” ಎಂದಷ್ಟೇ ಬಾಯಿಗೆ ಬಂತು. ಕಲಾವತಿಯ ನಗು ಹೋದದ್ದು ಅವನಿಗೆ ನೋಡದೆಯೂ ತಿಳಿಯಿತು.

ಅಭಿಜಿತ್ ಓದಿದ. ಇನ್ನೊಮ್ಮೆ ಓದಿದ. ಕಾಗದವನ್ನು ಮೆತ್ತಗೆ ಮಡಚಿ ಟೀಪಾಯಿಯ ಮೇಲಿಟ್ಟ. “ಅರೆ ಅಣ್ಣಾ, ಟೆನ್ಶನ್ ಮತ್ ಲೋ.”

ಅಣ್ಣಾ. ನಾಲ್ಕು ದಿನ ದೂರವಿದ್ದ ಶಬ್ದ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತಿತು.

“ಈ ಕಾಗದ ನಮ್ಮ ಫೈಲಿಗೆ ಅಂತ ಕೇಳಿದ್ದು. ಕಚೇರಿಗೆ ಸೋಮವಾರವೇ ಕೊಟ್ಟಾಯ್ತಲ್ಲ. ಸಭೆಯಲ್ಲಿ ನೀವು ಹೇಳಿದ್ದನ್ನ ನಡಾವಳಿಯಲ್ಲಿ ಬರೆದು, ಜೊತೆಗೆ ಹಾಜರಿ ಪುಸ್ತಕದ ಪುಟ ಹಚ್ಚಿ ಕೊಟ್ಟೆವು. ನಿಮ್ಮ ಸಹಿ ಮೊದಲನೆಯದೇ ಇತ್ತು. ಎಷ್ಟು ಚಂದ ಸಹಿ!”

“ಹಾಗಾದರೆ ಇದನ್ನೂ ಕೊಡಿ. ತಪ್ಪಾಗಿದೆ ಅಂತ ಹೇಳಿ.”

“ಭಾನುವಾರ ಶಿಫ್ಟಿಂಗ್ ಇದೆ, ಅಣ್ಣಾ. ಆ ಜನರಿಗೂ ನಲ್ಲಿ ಬೇಕು, ಲೈಟು ಬೇಕು. ಮತ್ತೆ ನೀವು ಹೇಳೋ ನೆರೆ ಅಣೆಕಟ್ಟು ಕಟ್ಟೋಕ್ಕಿಂತ ಮೊದಲಿನದು, ಹೌದೋ ಅಲ್ಲವೋ? ಈಗ ಮೇಲೆ ಅಣೆಕಟ್ಟಿದೆ. ನೀರನ್ನ ಅದು ಹಿಡಿದುಕೊಳ್ತದೆ.”

ಈ ಮಾತನ್ನು ಉಮಾಪತಿ ಸೋಮವಾರವೇ ತನಗೆ ತಾನು ಹೇಳಿಕೊಂಡಿದ್ದ, ಬಹಳ ಆಸೆಯಿಂದ. “ತುಂಬುವವರೆಗೆ ಹಿಡಿದುಕೊಳ್ತದೆ,” ಎಂದ. “ತುಂಬಿದ ಮೇಲೆ ಬಂದದ್ದೆಲ್ಲ ಹಾಗೇ ಕೆಳಗೆ ಬಿಡ್ತಾರೆ. ರಾತ್ರಿಯಾದರೂ ಬಿಡ್ತಾರೆ.”

“ನೂರು ವರ್ಷಕ್ಕೊಮ್ಮೆ.”

“ಯಾವ ವರ್ಷ ಅಂತ ಹೇಳೋಕಾಗಲ್ಲ.”

ಅಭಿಜಿತ್ ನಕ್ಕ, ವಯಸ್ಸಾದವರ ಹತ್ತಿರ ನಗುವ ಹಾಗೆ. “ನೀವು ಬರೀರಿ, ಪೋಸ್ಟ್ ಮಾಡಿ, ನಾನೇನು ಬೇಡ ಅನ್ನಲ್ಲ. ಬರ್ಫಿ ತಗೊಳ್ಳಿ ವಹಿನಿ, ತಾಜಾ ಇದೆ,” ಎಂದು ಎದ್ದ. ಹೋಗುವಾಗಲೂ ಗೇಟನ್ನು ಸದ್ದಾಗದಂತೆ ಎಳೆದುಕೊಂಡು ಹೋದ.

ಕಲಾವತಿ ಬರ್ಫಿಯ ಡಬ್ಬಿ ಮುಚ್ಚಿ ಫ್ರಿಜ್ಜಿನಲ್ಲಿಟ್ಟಳು, ಮತ್ತೆ ತೆಗೆದು ಹೊರಗಿಟ್ಟಳು. “ಮುಂಜಾನಿ ನಾ ಕೇಳಿದಾಗ ಬರೋಬರ್ ಐತಿ ಅಂದ್ರಿ,” ಎಂದಳು ಕೊನೆಗೆ.

“ಹೂಂ.”

“ನನಗ್ಯಾಕ ಹಂಗ ಹೇಳಿದ್ರಿ? ನಾ ಏನ್ ಸೊಸೈಟಿ ಏನು?”

ಅವನು ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಿದ. ಪ್ರತಿ ಮಳೆಗಾಲಕ್ಕೆ ಮೊದಲು ಸೇತುವೆಯ ಪಟ್ಟಿಗಳಿಗೆ ಬಣ್ಣ ಬಳಿಯುವುದು ಅವರ ಆಫೀಸಿನ ರೂಢಿ. ನಿವೃತ್ತನಾದ ವರ್ಷ ಉಳಿದ ಕರಿಯ ಎನಾಮಲಿನ ಅರ್ಧ ಡಬ್ಬಿ ಅವನ ಚೀಲದಲ್ಲೇ ಮನೆಗೆ ಬಂದಿತ್ತು. ಆಗ ಅದೂ ಒಂದು ಕಳ್ಳತನವೆಂದು ಎಂಟು ದಿನ ನಿದ್ದೆಗೆಟ್ಟಿದ್ದ. ಕಾಗದವನ್ನು ನಾಳೆ ರಿಜಿಸ್ಟರ್ ಪೋಸ್ಟಿನಲ್ಲಿ ಕಚೇರಿಗೆ ಕಳಿಸಬಹುದು. ಯಾವುದೋ ಮೇಜಿನ ಮೇಲೆ ಅದು ಗಂಗೂಬಾಯಿಗಿಂತ ಹೆಚ್ಚು ವರ್ಷ ಬದುಕಬಹುದು. ಡಬ್ಬಿಯ ಮುಚ್ಚಳವನ್ನು ಚಮಚದ ತುದಿಯಿಂದ ಎಬ್ಬುವಾಗ ಕಲಾವತಿ ಅಡುಗೆಮನೆಯ ಸ್ಟೂಲನ್ನು ತಂದು ಬಾಗಿಲ ಬಳಿ ಇಟ್ಟಳು. “ಹಳೇ ಅಂಗಿ ಹಾಕ್ಕೊಂಡ ಹೋಗ್ರಿ. ಅದು ಹತ್ತಿದ್ರ ಹೋಗೂದಿಲ್ಲ.”

ಐದೂವರೆಗೆ ಬಡಾವಣೆ ನಡೆಯಲು ಹೊರಡುವ ಹೊತ್ತು. ಒಂದು ಕೈಯಲ್ಲಿ ಸ್ಟೂಲು, ಒಂದು ಕೈಯಲ್ಲಿ ಡಬ್ಬಿ ಹಿಡಿದು ಉಮಾಪತಿ ಬೇವಿನ ಮರಗಳ ಕೆಳಗೆ ಲಂಗರಿನ ಟೀ-ಶರ್ಟುಗಳ ನಡುವೆ ನಡೆದ. “ಅಣ್ಣಾ, ಕುಠೆ?” ಎಲ್ಲಿಗೆ ಎಂದು ಕೇಳಿದರು ಒಬ್ಬರು. “ಹೆರಿಟೇಜ್ ಪೇಂಟಿಂಗ್ ಕಾಯ್?” ಎಂದರು ಇನ್ನೊಬ್ಬರು. ಅವನು ಎಲ್ಲರಿಗೂ ತಲೆಯಾಡಿಸಿದ. ಪ್ರೀತಮನ ಪೆನ್ನಿನ ಕ್ಯಾಪಿನಂತೆ ಡಬ್ಬಿಯ ಹಿಡಿಕೆ ಬೆರಳಲ್ಲಿ ಟಕಟಕ ಎನ್ನುತ್ತಿತ್ತು. ಏಳು ಕೋಣೆಗಳ ಮುಂದಿನ ಬಿಳಿ ಗೋಡೆ ಸಂಜೆಯ ಬಿಸಿಲಲ್ಲಿ ಹೊಳೆಯುತ್ತಿತ್ತು. ಟೇಪು ಹಿಡಿದು ನೆಲದಿಂದ ಎರಡು ಮೀಟರ್ ಅರವತ್ತೈದು ಅಳೆದ. ಸ್ಟೂಲು ಕುಂಟುತ್ತಿತ್ತು. ಕೆಳಗೊಂದು ಹಂಚಿನ ಚೂರು ಕೊಟ್ಟು, ಹತ್ತಿ, ಮಾಳಿಗೆ ಇನ್ನೇನು ಎಂಬಷ್ಟು ಹತ್ತಿರದಲ್ಲಿ ಬ್ರಷ್ಷು ಎಳೆದ. ಸುಣ್ಣದ ಮೇಲೆ ಎನಾಮಲ್ ಸ್ವಲ್ಪ ಜಾರಿ ಆಮೇಲೆ ಹಿಡಿಯಿತು.

“ಅರೆ ಸಾಹೇಬ್! ಹೊಸ ಗೋಡೆ ಖರಾಬ್ ಮಾಡ್ತೀರಲ್ಲ!” ಆಟೋ ನಿಲ್ಲಿಸಿ ಇಳಿದು ಬಂದವನು ಗಂಗೂಬಾಯಿಯ ಮಗ ದತ್ತು. “ಮೂರು ದಿನವೂ ಆಗಿಲ್ಲ ಸುಣ್ಣ ಹೊಡೆದು. ಇದೇನು ಗೆರೆ, ರೇಷನ್ ಕಾರ್ಡಿನ ನಂಬರಾ?”

ಉಮಾಪತಿ ಸ್ಟೂಲಿನ ಮೇಲಿಂದಲೇ ಹೇಳಿದ. ಮರಾಠಿ ತಡವರಿಸಿತು, ಆದರೆ ಈ ಸಲ ಹೇಳಬೇಕಾದ್ದೆಲ್ಲ ಬಂತು: ಭಾನುವಾರ ನಾನು ಹೇಳಿದ್ದು ತಪ್ಪು, ನಿಮ್ಮ ಅಮ್ಮ ಹೇಳಿದ್ದು ಸರಿ, ನೀರು ಇಲ್ಲಿಯವರೆಗೆ ಬಂದಿತ್ತು, ಕಚೇರಿಗೆ ಹೋದ ಕಾಗದದಲ್ಲಿ ನನ್ನ ಸಹಿ ಇದೆ. ನಡೆಯಲು ಬಂದವರು ನಾಲ್ಕೈದು ಜನ ನಿಂತು ಕೇಳಿದರು. ಒಬ್ಬರು ಮೊಬೈಲು ಎತ್ತಿದರು. ಯಾರೋ ಮೆಲ್ಲಗೆ, “ರಿಟೈರ್ ಆದ ಮೇಲೆ ಹೀಗೇ,” ಎಂದದ್ದು ಕೇಳಿಸಿತು. ದತ್ತು ಗೆರೆಯನ್ನು ನೋಡಿದ, ತಲೆಯನ್ನು ಹಿಂದಕ್ಕೆ ಬಾಗಿಸಿ, ಆಮೇಲೆ ಕೋಣೆಯ ಬಾಗಿಲನ್ನು ನೋಡಿದ. ಬಾಗಿಲಿನ ಚೌಕಟ್ಟು ಗೆರೆಗಿಂತ ಎಷ್ಟೋ ಕೆಳಗಿತ್ತು. ಒಳಗೆ ಅವನ ಹೆಂಡತಿ ಹೊಸ ನಲ್ಲಿ ಬಿಟ್ಟು ನೋಡುತ್ತಿದ್ದಳು. ಬಕೆಟ್ಟಿಗೆ ನೀರು ಬೀಳುವ ಸದ್ದು ಅಷ್ಟು ಹೊತ್ತೂ ಬರುತ್ತಿದ್ದದ್ದು ಈಗ ನಿಂತಿತು.

ಗಂಗೂಬಾಯಿ ಮೆಟ್ಟಿಲಿಳಿದು ಬಂದು ಸ್ಟೂಲಿನ ಕುಂಟುಗಾಲನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಲ್ಲಿಂದಲೇ ಕತ್ತೆತ್ತಿ ಗೆರೆಯನ್ನು ನೋಡಿದಳು. ಓದು ಬಾರದವಳು ಗೆರೆಯನ್ನು ಅಷ್ಟು ಹೊತ್ತು ಓದುವುದನ್ನು ಅವನು ಮೊದಲ ಸಲ ಕಂಡ.

“ಇನ್ನೂ ಸ್ವಲ್ಪ ಮೇಲೆ, ಸಾಹೇಬ್,” ಎಂದಳು.

“ಇಲ್ಲ ಬಾಯಿ, ದಾಖಲೆ...” ಎಂದವನು ನಿಲ್ಲಿಸಿದ. ದಾಖಲೆ ಎಂದರೆ ಯಾರೋ ಪಟ್ಟಿ ಬರೆದ ವರ್ಷದಿಂದ ಮಾತ್ರ. ಅದಕ್ಕೂ ಮುಂಚೆ ಹೊಳೆ ಇತ್ತು.

“ಅತ್ತೆ ಹೇಳುತ್ತಿದ್ದಳು. ಒಂದು ವರ್ಷ ಬಳೆ ಮುಳುಗಿತ್ತು, ಹಗ್ಗ ಬಿಚ್ಚಲು ಅವಳ ಅಪ್ಪ ನೀರಿನ ಮೇಲಿಂದ ಕೈ ಇಳಿಬಿಟ್ಟು ತಡಕಾಡಿದನಂತೆ.” ಸ್ಟೂಲನ್ನು ಒಂದು ಕೈಯಲ್ಲಿ ಹಿಡಿದೇ ಗಂಗೂಬಾಯಿ ಇನ್ನೊಂದು ಕೈಯನ್ನು ಮೇಲೆತ್ತಿ, ಮೊಣಕೈಯಿಂದ ಬೆರಳ ತುದಿಯವರೆಗೆ ನೆಟ್ಟಗೆ ನಿಲ್ಲಿಸಿ ತೋರಿಸಿದಳು. ಕೈಗೆ ಇನ್ನೂ ಬೂದಿಯ ವಾಸನೆಯಿತ್ತು. “ಬಳೆಯ ಮೇಲೆ ಇಷ್ಟು.”

ಒಂದು ಮೊಳ. ನಲವತ್ತೈದು ಸೆಂಟಿಮೀಟರ್, ಮುದುಕಿಯ ಮೊಳವಾದರೆ ಒಂದೆರಡು ಕಡಿಮೆ; ಈ ಗೆರೆಯಿಂದ ಸುಮಾರು ಒಂದಡಿ ಮೇಲೆ. ಸ್ವತಃ ಅಳೆಯದ ಒಂದು ಅಂಕಿಯನ್ನೂ ಉಮಾಪತಿ ಜೀವಮಾನದಲ್ಲಿ ಎಲ್ಲಿಯೂ ಬರೆದವನಲ್ಲ. ಬ್ರಷ್ಷಿನಿಂದ ಒಂದು ಕರಿಯ ಹನಿ ಅವನ ಮಣಿಕಟ್ಟಿನ ಮೇಲೆ ಇಳಿಯಿತು. ಅವನು ಗೋಡೆಗೆ ಎಡಗೈಯೂರಿ, ಅವಳ ಕೈಯನ್ನು ಮತ್ತೊಮ್ಮೆ ನೋಡಿಕೊಂಡು, ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತ.